ಬಿಸಿಲಿಗೆ ಬಾಗುವ ನೋಟ

1520ರ ಬೇಸಿಗೆ. ಕೃಷ್ಣದೇವರಾಯನ ಸೈನ್ಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿತ್ತು. ಕೆಳಗಿನವರು ತಮ್ಮನ್ನೇನು ಮಾಡಿಯಾರು ಎಂಬ ಧೈರ್ಯದಿಂದ ಆದಿಲ್‌ಶಾಹಿ ಕಾವಲಿನವರು ಗೋಡೆಯ ಮೇಲೆ ನಿರ್ಭಯವಾಗಿ ಓಡಾಡುತ್ತಿದ್ದರು. ಕ್ರಿಸ್ಟೊವಾಂವ್ ದಿ ಫಿಗೆರೆದೊ ಎಂಬ ಪೋರ್ಚುಗೀಸನೂ ತುಪಾಕಿ ಹಿಡಿದ ಅವನ ಚಿಕ್ಕ ತಂಡವೂ ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆಯತೊಡಗಿದ ಮೇಲೆ ಆ ಧೈರ್ಯ ಉಳಿಯಲಿಲ್ಲ. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಗುಲಿತು ಎಂದು ಪೋರ್ಚುಗೀಸ್ ವೃತ್ತಾಂತಕಾರ ಫೆರ್ನಾಂವ್ ನೂನಿಜ್ ಬರೆದಿಟ್ಟಿದ್ದಾನೆ. ಅಧಿಪತಿ ಸತ್ತ ಮೇಲೆ ಕೋಟೆ ಶರಣಾಯಿತು. ಗುರಿಯಿಟ್ಟು ಹೊಡೆಯುವುದು ಒಂದು ಮುತ್ತಿಗೆಯ ಹಣೆಬರಹವನ್ನೇ ಬದಲಿಸಿದ್ದು ನಮ್ಮ ಜಿಲ್ಲೆಯ ನೆಲದ ಮೇಲೆ.

ಅಂದಿನ ತುಪಾಕಿಯ ನಳಿಗೆಯ ಒಳಗೆ ತಿರುವುಗೆರೆಗಳಿರಲಿಲ್ಲ, ಬರೀ ನುಣುಪು. ಗುಂಡು ಗಿರಕಿ ಹೊಡೆಯದೆ ಹೊರಬರುತ್ತಿದ್ದರಿಂದ ದೂರ ಹೆಚ್ಚಿದಂತೆ ಅದರ ಮೇಲೆ ಭರವಸೆ ಇಡುವ ಹಾಗಿರಲಿಲ್ಲ. ತಿರುವುಗೆರೆ ಕೊರೆದ ರೈಫಲ್ ಬಂದ ಮೇಲೆ ಗುಂಡಿನ ದಾರಿಯ ಮೇಲೆ ಭರವಸೆ ಬಂತು. ಆಗ ಗುರಿ ನೋಡುವ ಸೈಟನ್ನು ಕೂಡಿಸುವುದೇ ಒಂದು ವಿದ್ಯೆಯಾಯಿತು.

ಈ ವಿದ್ಯೆ ಕಟ್ಟುನಿಟ್ಟಾಗಿ ಪರೀಕ್ಷೆಗೆ ಬೀಳುವುದು ಮೆಕ್ಸಿಕೊದಲ್ಲಿ ಹುಟ್ಟಿದ ಲೋಹಾಕೃತಿ ಶೂಟಿಂಗ್‌ನಲ್ಲಿ. ಕೋಳಿ, ಹಂದಿ, ಟರ್ಕಿ ಕೋಳಿ, ಟಗರು, ಹೀಗೆ ನಾಲ್ಕು ಬಗೆಯ ಉಕ್ಕಿನ ಆಕೃತಿಗಳು 200, 300, 385 ಮತ್ತು 500 ಮೀಟರ್ ದೂರದಲ್ಲಿ ಸಾಲಾಗಿ ನಿಂತಿರುತ್ತವೆ. ಪಾಯಿಂಟ್ ಟೂ ಟೂ ರೈಫಲ್ಲಿಗೆ ಎಲ್ಲವೂ ಐದನೇ ಒಂದು ಪಾಲು: 40, 60, 77, 100 ಮೀಟರ್. ಯಾವ ಆಸರೆಯೂ ಇಲ್ಲದೆ ನಿಂತೇ ಹೊಡೆಯಬೇಕು. ಗುಂಡು ತಗುಲಿದರಷ್ಟೇ ಸಾಲದು, ಆಕೃತಿ ಉರುಳಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಆಟವೆಂದರೆ ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿಯೂ ಅಂಕ ಎಣಿಸುವ ಕಾಗದವಿಲ್ಲ, ಕಾಯಿ ಒಡೆಯಬೇಕು ಅಷ್ಟೇ. ಲೋಹಾಕೃತಿ ಶೂಟಿಂಗ್ ಹೊಲದ ಬದುವಿನ ಮೇಲೆ ಆಡುವ ಆಟವಲ್ಲ ಎಂದು ಇಲ್ಲಿಯೇ ಹೇಳಿಬಿಡಬೇಕು. ಉಕ್ಕಿಗೆ ಬಡಿದ ಸೀಸ ಚೂರುಚೂರಾಗಿ ಸಿಡಿಯುತ್ತದೆ. ಲೈಸೆನ್ಸೂ ಬೇಕು, ಅನುಮತಿ ಪಡೆದ ರೇಂಜೂ ಬೇಕು.

ಸೈಟಿನ ಕೆಲಸವನ್ನು ತಿಳಿಯಲು ಎರಡು ಗೆರೆಗಳನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಕಣ್ಣಿನಿಂದ ಸೈಟಿನ ಮೂಲಕ ಗುರಿಗೆ ಹೋಗುವುದು ನೋಟದ ಗೆರೆ, ಅದು ನೇರ. ಗುಂಡಿನ ಗೆರೆ ಬಾಗಿದ್ದು. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಗೆ ಬೀಳತೊಡಗುತ್ತದೆ. ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟ ಪಾಯಿಂಟ್ ಟೂ ಟೂ ಗುಂಡು 100 ಮೀಟರ್ ದಾಟಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಅದು ಅರ್ಧ ಮೀಟರಿನಷ್ಟು ಇಳಿದಿರುತ್ತದೆ. ಹೊಲದಲ್ಲಿ ದೂರದ ಸಾಲಿಗೆ ನೀರು ಹಾರಿಸಲು ಪೈಪಿನ ಮೂತಿಯನ್ನು ಮೇಲಕ್ಕೆತ್ತುವ ಹಾಗೆ, ನಳಿಗೆಯ ಮೂತಿಯನ್ನು ನೋಟದ ಗೆರೆಗಿಂತ ಚೂರು ಮೇಲಕ್ಕೆ ಇಟ್ಟಿರುತ್ತಾರೆ. ಹೀಗಾಗಿ ಗುಂಡು ನೋಟದ ಗೆರೆಯನ್ನು ಎರಡು ಕಡೆ ಹಾಯುತ್ತದೆ, ಹತ್ತಿರದಲ್ಲಿ ಏರುತ್ತ ಒಮ್ಮೆ, ದೂರದಲ್ಲಿ ಇಳಿಯುತ್ತ ಇನ್ನೊಮ್ಮೆ. ಆ ಎರಡನೆಯ ಸಂಗಮ ನಮಗೆ ಬೇಕಾದ ದೂರದಲ್ಲೇ ಆಗುವಂತೆ ಮಾಡುವುದಕ್ಕೆ ಜೀರೋ ಮಾಡುವುದು ಎನ್ನುತ್ತಾರೆ.

ಎನ್‌ಸಿಸಿ ಕ್ಯಾಂಪಿಗೆ ಹೋಗಿಬಂದ ಹುಡುಗ ಹುಡುಗಿಯರಿಗೆ ಇದರ ಮೊದಲ ಪಾಠ ಗೊತ್ತಿರುತ್ತದೆ. ಐದು ಗುಂಡು ಹಾರಿಸಿ, ತೂತುಗಳು ಒಂದೆಡೆ ಗುಂಪುಗೂಡಿವೆಯೇ ಎಂದು ಮೊದಲು ನೋಡಬೇಕು. ಗುಂಪು ಚದುರಿದ್ದರೆ ದೋಷ ಹೆಚ್ಚಾಗಿ ಉಸಿರಿನದು, ಟ್ರಿಗರ್ ಎಳೆದ ಬೆರಳಿನದು. ಅಂಥ ಹೊತ್ತಿನಲ್ಲಿ ಸೈಟ್ ಮುಟ್ಟಬಾರದು. ಬಿಗಿಯಾದ ಗುಂಪು ತಪ್ಪು ಜಾಗದಲ್ಲಿ ಬಿದ್ದಿದ್ದರೆ ಮಾತ್ರ ಸೈಟನ್ನು ತಿರುಗಿಸಬೇಕು. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಬೇಕು, ಮುಂದಿನದಾದರೆ ಅದಕ್ಕೆ ವಿರುದ್ಧ. ಕಾಲು ಮಿನಿಟ್ ಸೈಟಿನಲ್ಲಿ ತಿರುಪಿನ ಒಂದು ಕ್ಲಿಕ್ ಎಂದರೆ ಕೋನದ ಕಾಲು ಮಿನಿಟ್, ಅಂದರೆ ಒಂದು ಡಿಗ್ರಿಯ 240ನೇ ಒಂದು ಭಾಗ. 100 ಮೀಟರಿನಲ್ಲಿ ಅದು ಗುಂಡನ್ನು ಸರಿಸುವುದು ಸುಮಾರು 7 ಮಿಲಿಮೀಟರ್, 40 ಮೀಟರಿನಲ್ಲಿ 3 ಮಿಲಿಮೀಟರಿಗೂ ಕಡಿಮೆ. ಸ್ಕೋಪ್ ಹಾಕಿದ ರೈಫಲ್ಲಿನಲ್ಲಿ 40 ಮೀಟರಿನ ಕೋಳಿಯಿಂದ 100 ಮೀಟರಿನ ಟಗರಿಗೆ ಹೋಗಲು 40ರ ಆಸುಪಾಸಿನಷ್ಟು ಕ್ಲಿಕ್ ಏರಿಸಬೇಕಾಗುತ್ತದೆ. ಅನುಭವಿ ಶೂಟರುಗಳು ಪ್ರತಿ ದೂರದ ಕ್ಲಿಕ್ ಲೆಕ್ಕವನ್ನು ಬರೆದಿಟ್ಟುಕೊಳ್ಳುತ್ತಾರೆ.

ಇಲ್ಲಿಯವರೆಗೆ ನೋಟದ ಗೆರೆ ನೇರ ಎಂದು ನಂಬಿ ಮುಂದುವರಿದೆವು. ಸಿಂಧನೂರಿನ ಎರೆಭೂಮಿಯ ಮೇಲೆ, ಏಪ್ರಿಲ್ ಮೇ ತಿಂಗಳ ನಡುಮಧ್ಯಾಹ್ನ, ಆ ನಂಬಿಕೆ ನಿಲ್ಲುವುದಿಲ್ಲ. ಬೆಳೆ ತೆಗೆದ ಕಪ್ಪು ಮಣ್ಣು ಬಿಸಿಲನ್ನೆಲ್ಲ ಹೀರುತ್ತದೆ. ಗಾಳಿ 40 ಡಿಗ್ರಿ ಇದ್ದಾಗ ಮಣ್ಣಿನ ಮೈ 60ರ ಹತ್ತಿರಕ್ಕೆ ಹೋಗುವುದುಂಟು. ನೆಲಕ್ಕಂಟಿದ ಗಾಳಿ ಹೆಚ್ಚು ಬಿಸಿಯಾಗಿ ತೆಳುವಾಗುತ್ತದೆ, ಮೇಲಿನದು ಅದಕ್ಕಿಂತ ದಟ್ಟವಾಗಿರುತ್ತದೆ. ಬೆಳಕು ದಟ್ಟವಾದ ಕಡೆಗೆ ಬಾಗುತ್ತದೆ. ರಸ್ತೆಯ ಮೇಲೆ ನೀರು ನಿಂತಂತೆ ತೋರುವ ಬಿಸಿಲ್ಗುದುರೆಗೆ ಕಾರಣ ಇದೇ. ಗುರಿಯಿಂದ ಬರುವ ಬೆಳಕು ಹೀಗೆ ಬಾಗಿ ಕಣ್ಣಿಗೆ ಬಂದಾಗ ಗುರಿ ತಾನಿರುವ ಜಾಗಕ್ಕಿಂತ ಕೆಳಗೆ ಕಾಣುತ್ತದೆ.

ಎಷ್ಟು ಕೆಳಗೆ? ಗಾಳಿ ಒಂದು ಡಿಗ್ರಿ ಕಾದರೆ ಅದರ ವಕ್ರೀಭವನಾಂಕ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಇಳಿಯುತ್ತದೆ. ನೋಟದ ಗೆರೆಯ ಉದ್ದಕ್ಕೂ, ಮೇಲಕ್ಕೆ ಹೋದಂತೆ ಮೀಟರಿಗೆ ಒಂದು ಡಿಗ್ರಿ ಉಷ್ಣತೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 100 ಮೀಟರಿನಲ್ಲಿ ಗುರಿ ಸುಮಾರು ನಾಲ್ಕೂವರೆ ಮಿಲಿಮೀಟರ್ ಕೆಳಗೆ ಕಾಣುತ್ತದೆ, ಅಂದರೆ ಅರ್ಧ ಕ್ಲಿಕ್ಕಿಗೂ ಹೆಚ್ಚು. ಈ ತಪ್ಪು ದೂರದ ವರ್ಗದಂತೆ ಬೆಳೆಯುತ್ತದೆ. ಎನ್‌ಸಿಸಿ ಕೆಡೆಟ್ ಹೊಡೆಯುವ 25 ಮೀಟರಿನಲ್ಲಿ ಅದು ಹದಿನಾರರಲ್ಲಿ ಒಂದು ಪಾಲು, ಲೆಕ್ಕಕ್ಕೇ ಬಾರದು. 500 ಮೀಟರಿನ ಟಗರಿಗೆ ಇಪ್ಪತ್ತೈದು ಪಟ್ಟು, 11 ಸೆಂಟಿಮೀಟರ್. ಬೆಳಿಗ್ಗೆ ಜೀರೋ ಮಾಡಿದ ರೈಫಲ್ ಮಧ್ಯಾಹ್ನ ತಪ್ಪಿದರೆ ಶೂಟರ್ ಬಂದೂಕನ್ನು ಬೈಯುತ್ತಾನೆ. ಬಂದೂಕು ಬದಲಾಗಿಲ್ಲ, ನಡುವಿನ ಗಾಳಿ ಬದಲಾಗಿದೆ.

ನೆಲವೂ ಎಲ್ಲ ಕಡೆ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆ ತಂಪು. ಅದರ ಬದು ದಾಟಿದರೆ ಒಣಗಿದ ಎರೆ ಕಾವಲಿಯಂತೆ ಕಾದಿರುತ್ತದೆ. ಒಂದೇ ನೋಟದ ಗೆರೆ ಎರಡನ್ನೂ ಹಾಯ್ದರೆ ಬಾಗು ಎಲ್ಲೆಡೆ ಸಮನಾಗಿರುವುದಿಲ್ಲ. ಮಸ್ಕಿಯ ಗುಡ್ಡದ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿಯುಗುಳುತ್ತವೆ. ಲಿಂಗಸುಗೂರು ಕಡೆಯ ಮಸಾರಿ ಹೊಲದ ತಿಳಿ ಬಣ್ಣದ ಮಣ್ಣು ಎರೆಯಷ್ಟು ಬಿಸಿಲನ್ನು ಹೀರುವುದಿಲ್ಲ.

ಇದೇ ಬಿಸಿಲ್ಗುದುರೆಯಿಂದ ಉಪಕಾರವೂ ಇದೆ. ದೂರದರ್ಶಕವನ್ನು ಗುರಿಗಿಂತ ತುಸು ಈಚೆಗೆ ಫೋಕಸ್ ಮಾಡಿದರೆ ಕಾದ ಗಾಳಿಯ ಅಲೆಗಳು ಕಣ್ಣಿಗೆ ಬೀಳುತ್ತವೆ. ಅಲೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದರೆ ಗಾಳಿ ಹಾಗೆಯೇ ಬೀಸುತ್ತಿದೆ ಎಂದರ್ಥ. ಸುಮ್ಮನೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಆದರೂ ನುರಿತವರು ಆ ಕುದಿತದ ಹೊತ್ತಿನಲ್ಲಿ ಟ್ರಿಗರ್ ಎಳೆಯುವುದಿಲ್ಲ, ಏಕೆಂದರೆ ಗಾಳಿ ದಿಕ್ಕು ಬದಲಿಸುವ ಮುನ್ನವೂ ಅಲೆಗಳು ಹಾಗೆಯೇ ಕುದಿಯುತ್ತವೆ.

ಸಂಜೆ ನೆಲ ಗಾಳಿಗಿಂತ ತಣ್ಣಗಾಗತೊಡಗಿದರೆ ಲೆಕ್ಕ ತಲೆಕೆಳಗಾಗುತ್ತದೆ, ಗುರಿ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಕೆಳಗಿನ ಬಾಗು ಮೇಲಿನ ಬಾಗಾಗುವ ನಡುವೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಮ್ಮೆ, ಸಂಜೆ ಹೊತ್ತು ಇಳಿಯುವಾಗ ಒಮ್ಮೆ, ಗಾಳಿಯ ಪದರಗಳು ಹೆಚ್ಚುಕಡಿಮೆ ಸಮವಾಗುತ್ತವೆ. ಸೈಟ್ ಕೂಡಿಸಲು ನಮ್ಮ ಸೀಮೆಯಲ್ಲಿ ಆ ಎರಡೇ ಒಳ್ಳೆಯ ಹೊತ್ತು. ಮಧ್ಯಾಹ್ನವೇ ಸ್ಪರ್ಧೆ ಇದ್ದರೆ ಮಧ್ಯಾಹ್ನವೇ ಇನ್ನೊಮ್ಮೆ ಜೀರೋ ನೋಡಿಕೊಂಡು, ಕ್ಲಿಕ್ ಲೆಕ್ಕದ ಪಕ್ಕದಲ್ಲಿ ಹೊತ್ತನ್ನೂ ಕಾಲಡಿಯ ನೆಲವನ್ನೂ ಬರೆದುಕೊಳ್ಳಬೇಕು. ಮುಂಗಾರು ಬಂದು ಎರೆ ತೊಯ್ದ ಮೇಲೆ ಬಿಸಿಲ್ಗುದುರೆಯ ಕಾಟ ತಗ್ಗುತ್ತದೆ, ಗಾಳಿಯ ಕಾಟ ಶುರುವಾಗುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ಪಾಯಿಂಟ್ ಟೂ ಟೂ ಗುಂಡನ್ನು 100 ಮೀಟರಿನಲ್ಲಿ ಸುಮಾರು 10 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಜುಲೈನಲ್ಲಿ ಹೆಚ್ಚಿನ ಕೆಲಸ ಸೈಟಿನ ಪಕ್ಕದ ತಿರುಪಿನದು.