ಮಕ್ಕಳ ಕೊರಳಿಗೆ ಬಂದ ದೊಡ್ಡವರ ಕಾಯಿಲೆ

1986ರ ಏಪ್ರಿಲ್ 26ರ ನಸುಕಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಫೋಟ ಸಂಭವಿಸಿತು. ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೇಲೆ ಕೂತಿತು. ಹುಲ್ಲನ್ನು ಹಸುಗಳು ಮೇಯ್ದವು. ಹಸುವಿನ ಹಾಲನ್ನು ಮಕ್ಕಳು ಕುಡಿದರು. ಈ ಅಯೋಡಿನ್ನಿನ ವಿಕಿರಣ 8 ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಕೆಲವು ವಾರ ಆ ಹಾಲನ್ನು ನಿಲ್ಲಿಸಿದ್ದರೂ ಅಪಾಯ ಬಹಳಷ್ಟು ತಗ್ಗುತ್ತಿತ್ತು. ಆದರೆ ಅನೇಕ ಹಳ್ಳಿಗಳಿಗೆ ಎಚ್ಚರಿಕೆ ಸಕಾಲದಲ್ಲಿ ತಲುಪಲಿಲ್ಲ.

ಕೊರಳಿನಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕೇ ಬೇಕು. ವಿಕಿರಣ ಸೂಸುವುದು ಯಾವುದು, ಸೂಸದಿರುವುದು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಬೆಳೆಯುತ್ತಿರುವ ಪುಟ್ಟ ಗ್ರಂಥಿಗೆ ಪೆಟ್ಟು ಜೋರಾಗಿಯೇ ಬಿತ್ತು.

ಮಕ್ಕಳ ಕ್ಯಾನ್ಸರ್ ಎಂದರೆ ಹೆಚ್ಚಾಗಿ ರಕ್ತದ ಕ್ಯಾನ್ಸರ್ ಅಥವಾ ಮಿದುಳಿನ ಗೆಡ್ಡೆ. ಥೈರಾಯ್ಡ್ ಕ್ಯಾನ್ಸರ್ ದೊಡ್ಡವರ ಕಾಯಿಲೆ. ಮಕ್ಕಳಲ್ಲಿ ಬಲು ಅಪರೂಪ. ಆದರೆ 1990ರಿಂದ ಬೆಲಾರೂಸ್‌ನ ಆಸ್ಪತ್ರೆಗಳಿಗೆ ಕೊರಳಲ್ಲಿ ಗಂಟಿದ್ದ ಮಕ್ಕಳು ಒಬ್ಬರ ಹಿಂದೊಬ್ಬರು ಬರತೊಡಗಿದರು. 1992ರಲ್ಲಿ ಅಲ್ಲಿನ ವೈದ್ಯರು ಈ ಸಂಗತಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಇಷ್ಟು ಬೇಗ ಕ್ಯಾನ್ಸರ್ ಬಂದೀತೇ ಎಂದು ಕೆಲವು ತಜ್ಞರು ಸಂಶಯಪಟ್ಟರು. ಸಂಶಯಕ್ಕೆ ಅಂಕಿ ಅಂಶಗಳೇ ಉತ್ತರ ಕೊಟ್ಟವು. ಬೆಲಾರೂಸ್, ಉಕ್ರೇನ್ ಹಾಗೂ ರಷ್ಯಾದ ಪೀಡಿತ ಪ್ರದೇಶಗಳಲ್ಲಿ, ಸ್ಫೋಟದ ವೇಳೆಗೆ 18 ತುಂಬದಿದ್ದವರ ಪೈಕಿ 6,000ಕ್ಕೂ ಹೆಚ್ಚು ಮಂದಿಗೆ 2005ರೊಳಗೆ ಈ ರೋಗ ಕಾಣಿಸಿಕೊಂಡಿತ್ತು.

ಚಿಕಿತ್ಸೆ ಹೇಗೆ? ದೊಡ್ಡವರಿಗೆ ಕೊಡುತ್ತಿದ್ದ ಚಿಕಿತ್ಸೆಯನ್ನೇ ವೈದ್ಯರು ಮಕ್ಕಳ ಮೈಗೆ ಹೊಂದಿಸಿಕೊಳ್ಳಬೇಕಾಯಿತು. ಮೊದಲು ಶಸ್ತ್ರಚಿಕಿತ್ಸೆ. ಗ್ರಂಥಿಯ ಪಕ್ಕದಲ್ಲೇ ಧ್ವನಿಯ ನರವಿದೆ. ಹಿಂಬದಿಯಲ್ಲಿ ರಕ್ತದ ಕ್ಯಾಲ್ಸಿಯಂ ಕಾಯುವ ಪುಟಾಣಿ ಗ್ರಂಥಿಗಳಿವೆ. ಎಳೆಯ ಕೊರಳಿನಲ್ಲಿ ಇವನ್ನು ಉಳಿಸಿಕೊಂಡು ರೋಗವನ್ನಷ್ಟೇ ತೆಗೆಯುವುದು ನಾಜೂಕಿನ ಕೆಲಸ.

ರೋಗ ಶ್ವಾಸಕೋಶಕ್ಕೆ ಹರಡಿದ್ದವರಿಗೆ ಮುಂದಿನ ಮದ್ದು ಅದೇ ಅಯೋಡಿನ್-131! ಅಳಿದುಳಿದ ಥೈರಾಯ್ಡ್ ಕೋಶಗಳು ಎಲ್ಲೇ ಅಡಗಿದ್ದರೂ ಅಯೋಡಿನ್ನನ್ನು ಎಳೆದುಕೊಳ್ಳುತ್ತವೆ. ಹೆಚ್ಚಿನ ಪ್ರಮಾಣದ ವಿಕಿರಣಕ್ಕೆ ಸಾಯುತ್ತವೆ. ಬೆಲಾರೂಸ್‌ನ ಅನೇಕ ಮಕ್ಕಳು ಇದಕ್ಕಾಗಿ ಜರ್ಮನಿಯ ವೂರ್ಟ್ಸ್‌ಬರ್ಗ್‌ಗೆ ಹೋದರು. ಬಳಿಕ, ತೆಗೆದ ಗ್ರಂಥಿಯ ಬದಲಿಗೆ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ, ಜೀವನಪರ್ಯಂತ.

ಫಲ? ಆ 6,000ಕ್ಕೂ ಹೆಚ್ಚು ಮಂದಿಯಲ್ಲಿ 2005ರವರೆಗೆ ಈ ರೋಗದಿಂದ ಸತ್ತವರು 15 ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ವರದಿ ಹೇಳುತ್ತದೆ. ಮಕ್ಕಳಲ್ಲಿ ಈ ಕ್ಯಾನ್ಸರ್ ಬೇಗ ಹರಡಿದರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಮಕ್ಕಳ ಕೊರಳಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ನೋವಿಲ್ಲದ ಗಂಟೊಂದು ವಾರಗಟ್ಟಲೆ ಕರಗದಿದ್ದರೆ, ‘ಮಕ್ಕಳಿಗೆಲ್ಲಿಂದ ಬರಬೇಕು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸುವುದು ಲೇಸು.