ಕಲ್ಲಿನ ಕಂಬ ತಿರುಗಿದ್ದು ಹೇಗೆ?

ಮಕ್ಕಳೇ, ಹುಬ್ಬಳ್ಳಿ-ಧಾರವಾಡದ ಅನೇಕ ಶಾಲೆಗಳಿಂದ ಲಕ್ಕುಂಡಿಗೆ ಪ್ರವಾಸ ಹೋಗುತ್ತಾರೆ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಊರು ಅದು. ಅಲ್ಲಿಯ ಕಾಶಿವಿಶ್ವೇಶ್ವರ ಗುಡಿಯೊಳಗೆ ಹೋದರೆ ಒಂದು ಕಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಬುಡ ಚೌಕವಾಗಿದೆ. ಅದರ ಮೇಲೆ ಗಂಟೆಯಂತೆ ಉಬ್ಬಿದ ಭಾಗ, ಕೊರಳಿನಂತೆ ಸಣ್ಣಗಾದ ಭಾಗ, ಸುತ್ತಲೂ ಬಳೆ ತೊಡಿಸಿದಂತೆ ಚೂಪಾದ ಗೆರೆಗಳು. ಮೈ ನುಣುಪಾಗಿ ಹೊಳೆಯುತ್ತದೆ.

ಒಂದು ಗೆರೆಯನ್ನು ಕಣ್ಣಿನಿಂದಲೇ ಹಿಂಬಾಲಿಸಿ ಕಂಬವನ್ನು ಸುತ್ತಿ ಬನ್ನಿ. ಹೊರಟ ಜಾಗಕ್ಕೇ ಸರಿಯಾಗಿ ಬಂದು ಸೇರುತ್ತದೆ, ಎಲ್ಲಿಯೂ ಏರಿಲ್ಲ, ಇಳಿದಿಲ್ಲ. ಬರಿ ಉಳಿ, ಸುತ್ತಿಗೆಯಿಂದ ಹೀಗೆ ಕೆತ್ತಲು ಆಗುತ್ತದೆಯೇ? ನಿಮ್ಮ ಪೆನ್ಸಿಲ್ ಸುತ್ತ ಕೈಯಿಂದಲೇ ಒಂದು ಗೆರೆ ಎಳೆದು ನೋಡಿ, ಎರಡು ತುದಿ ಕೂಡುವುದು ಕಷ್ಟ. ಈಗ ಗೆರೆ ಎಳೆಯುವ ಪೆನ್ನನ್ನು ಅಲುಗಿಸದೆ ಹಿಡಿದು, ಪೆನ್ಸಿಲನ್ನೇ ತಿರುಗಿಸಿ. ಗೆರೆ ತಾನಾಗಿಯೇ ಕೂಡುತ್ತದೆ!

ಲಕ್ಕುಂಡಿಯ ಕುಶಲಕರ್ಮಿಗಳು ಮಾಡಿದ್ದೂ ಇದನ್ನೇ. ಅವರು ಉಳಿಯನ್ನು ಹಿಡಿದು ಕಂಬವನ್ನು ತಿರುಗಿಸಿದರು. ಕುಂಬಾರನ ತಿಗರಿಯ ಮೇಲೆ ಮಣ್ಣು ತಿರುಗುವ ಹಾಗೆ ಇಲ್ಲಿ ಕಲ್ಲು ತಿರುಗಿತು. ಅದಕ್ಕೇ ಇವುಗಳಿಗೆ ತಿರುಗಣೆ ಕಂಬ ಎಂದು ಹೆಸರು. ಕಂಬವನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸುತ್ತಿದ್ದರು ಎಂದು ವಿದ್ವಾಂಸರು ಹೇಳುತ್ತಾರೆ. ಉಳಿ ಮುಟ್ಟದ ಬುಡ ಮಾತ್ರ ಚೌಕವಾಗಿಯೇ ಉಳಿಯಿತು.

ಇದು ಸಣ್ಣ ಕೆಲಸವಲ್ಲ. ಲೆಕ್ಕ ಹಾಕೋಣ. 60 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಒಂದು ದುಂಡು ಕಲ್ಲು ಎಂದುಕೊಳ್ಳಿ. ಇಂಥ ಕಲ್ಲು ನೀರಿಗಿಂತ ಸುಮಾರು 2.8 ಪಟ್ಟು ಭಾರ. ಹಾಗಾದರೆ ಅದರ ತೂಕ ಒಂದೂವರೆ ಟನ್ನಿಗೂ ಹೆಚ್ಚು. 50 ಕಿಲೋ ಅಕ್ಕಿಯ 30 ಚೀಲಗಳನ್ನು ಒಂದರ ಮೇಲೊಂದು ಪೇರಿಸಿ, ಬೀಳದಂತೆ ಬುಗುರಿಯ ಹಾಗೆ ಸುತ್ತಿಸಿದಂತೆ! ವಿದ್ಯುತ್ ಮೋಟಾರು ಇಲ್ಲದ ಕಾಲ ಅದು. ಕಲ್ಲಿನ ನಡುಗೆರೆ ಒಂದು ಬೆರಳು ಆಚೀಚೆಯಾದರೂ ಕಂಬ ತೂಗಾಡುತ್ತದೆ, ಗೆರೆ ಕೆಡುತ್ತದೆ. ಒಬ್ಬನಿಂದ ಆಗುವ ಕೆಲಸವಲ್ಲ. ತಿರುಗಿಸುವವರು, ಉಳಿ ಹಿಡಿಯುವವರು, ನಯ ಮಾಡುವವರು, ಮೊಂಡಾದ ಉಳಿಯನ್ನು ಕಾಯಿಸಿ ಬಡಿದು ಮತ್ತೆ ಚೂಪು ಮಾಡುವ ಕಮ್ಮಾರ, ಎಲ್ಲರೂ ಬೇಕು.

ಇನ್ನೊಂದು ಗುಟ್ಟು ಕಲ್ಲಿನಲ್ಲಿಯೇ ಇದೆ. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳು ಇವುಗಳಿಗಿಂತ ಹಳೆಯವು, ಮರಳುಗಲ್ಲಿನವು. ಅಲ್ಲಿ ಹೆಚ್ಚಾಗಿ ದಪ್ಪನೆಯ ಚೌಕ ಕಂಬಗಳನ್ನೇ ಕಾಣುತ್ತೀರಿ. ಮರಳುಗಲ್ಲಿನ ಕಣಗಳು ಕ್ವಾರ್ಟ್ಜ್ ಎಂಬ ಖನಿಜದವು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7. ಚಾಕುವಿನ ಉಕ್ಕಿಗೆ ಸುಮಾರು ಐದೂವರೆ. ಅಂದರೆ ಉಳಿಗಿಂತ ಕಣವೇ ಗಟ್ಟಿ!

ಸುಮಾರು ಸಾವಿರ ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಈ ಭಾಗದ ಶಿಲ್ಪಿಗಳು ಕಲ್ಲನ್ನೇ ಬದಲಿಸಿದರು. ಅವರು ಆರಿಸಿದ್ದು ಹಸಿರು ಛಾಯೆಯ ಬೂದು ಬಣ್ಣದ ಬಳಪದ ಕಲ್ಲು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ 1050ರ ಸುಮಾರಿಗೆ ಕಟ್ಟಿದ ಅಮೃತೇಶ್ವರ ಗುಡಿ ಈ ಕಲ್ಲಿನ ಆರಂಭದ ಗುಡಿಗಳಲ್ಲಿ ಒಂದು. ಈ ಕಲ್ಲಿನಲ್ಲಿ ಕ್ಲೋರೈಟ್, ಟಾಲ್ಕ್ ಎಂಬ ಮೆದು ಖನಿಜಗಳಿವೆ. ಟಾಲ್ಕ್‌ನ ಗಡಸುತನ ಬರೀ 1, ಕ್ಲೋರೈಟ್‌ನದು ಸುಮಾರು 2ರಿಂದ ಎರಡೂವರೆ. ಪಾಟಿಯ ಮೇಲೆ ಬರೆಯುವ ಕಲ್ಲಿನ ಬಳಪ ಸಿಕ್ಕರೆ ಉಗುರಿನಿಂದ ಕೆರೆದು ನೋಡಿ, ಪುಡಿ ಉದುರುತ್ತದೆ. (ಗುಡಿಯ ಕಲ್ಲಿನ ಮೇಲೆ ಈ ಪರೀಕ್ಷೆ ಬೇಡ! ನೀವು ಕೆರೆದ ಗೆರೆಯೂ ಶಿಲ್ಪಿಯ ಗೆರೆಯಷ್ಟೇ ಕಾಲ ಉಳಿದೀತು.)

ಇಂಥ ಕಲ್ಲು ಹಾವೇರಿ, ಸವಣೂರು, ಬ್ಯಾಡಗಿ, ಹಾನಗಲ್ಲ ಕಡೆ ಸಿಗುತ್ತದೆ. ಇದು ಭೂವಿಜ್ಞಾನಿಗಳು ‘ಧಾರವಾಡ ಶಿಲೆಗಳು’ ಎಂದು ಕರೆಯುವ ಗುಂಪಿನದು. ಹೌದು, ನಮ್ಮ ಧಾರವಾಡದ ಹೆಸರೇ! ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಆ ಹೆಸರಿಟ್ಟರು. ಇವು 250 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆಗಳು.

ಕಲ್ಲು ಬದಲಾದ ಮೇಲೆ ಕೆಲಸದ ರೀತಿಯೂ ಬದಲಾಯಿತು. ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳ ಬದಲು ಚಿಕ್ಕ ಕಲ್ಲುಗಳನ್ನು ಜೋಡಿಸಿ ಗೋಡೆ ಎಬ್ಬಿಸಿದರು. ಮೆದು ಕಲ್ಲಾದ್ದರಿಂದ ಕೆತ್ತನೆ ಬಹಳ ಸೂಕ್ಷ್ಮವಾಯಿತು. ಹುಬ್ಬಳ್ಳಿಯಲ್ಲಿ ಇರುವವರು ದೂರ ಹೋಗಬೇಕಿಲ್ಲ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಲ್ಲಿ ಬಾಗಿಲುಗಳ ಪಕ್ಕದ ಜಾಲಂಧ್ರಗಳನ್ನು ನೋಡಬಹುದು. ಜಾಲಂಧ್ರವೆಂದರೆ ಬೆಳಕು, ಗಾಳಿ ಬರಲು ಜಾಲರಿಯಂತೆ ಕೊರೆದ ಕಲ್ಲು.

ಆಗ ಲಕ್ಕುಂಡಿಗೆ ಲೊಕ್ಕಿಗುಂಡಿ ಎಂಬ ಹೆಸರಿತ್ತು. ಅಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಇತ್ತು. ಅಲ್ಲಿಯ ಚಿನ್ನದ ನಾಣ್ಯವೇ ಲೊಕ್ಕಿ ಗದ್ಯಾಣ. ಟಂಕಸಾಲೆಗೆ ಹಳೆಯ ಕನ್ನಡದ ಇನ್ನೊಂದು ಹೆಸರು ಕಮ್ಮಟ. ಇಂದು ನೀವು ‘ಕಥಾ ಕಮ್ಮಟ’ಕ್ಕೆ ಹೋಗುತ್ತೀರಲ್ಲ, ಅದೇ ಮಾತು!

ಇದೆಲ್ಲ ಮಾಡಿದವರು ಯಾರು? ಬಹಳ ಮಂದಿಯ ಹೆಸರು ಉಳಿದಿಲ್ಲ. ಕೆಲವರು ಮಾತ್ರ ತಾವು ಕಡೆದ ಶಿಲ್ಪದ ಮೇಲೆ ಹೆಸರು ಕೊರೆದಿದ್ದಾರೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯೂ ಆಗ ಚಾಲುಕ್ಯರ ದೊಡ್ಡ ಪಟ್ಟಣವಾಗಿತ್ತು. ಅಲ್ಲಿಯ ದಾಸೋಜ ಮತ್ತು ಅವನ ಮಗ ಚಾವಣ ದಕ್ಷಿಣಕ್ಕೆ ಹೋಗಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕೆಲಸ ಮಾಡಿದರು. ಅದೂ ಬಳಪದ ಕಲ್ಲಿನ ಗುಡಿಯೇ, ಅಲ್ಲಿಯೂ ತಿರುಗಣೆ ಕಂಬಗಳಿವೆ. ಬೇಲೂರಿಗೆ ಹೋದಾಗ ಮದನಿಕೆಯರ ಮುಖವನ್ನಷ್ಟೇ ನೋಡಿ ಬರಬೇಡಿ. ಪಾದದ ಕೆಳಗಿನ ಪೀಠದ ಮೇಲೂ ಕಣ್ಣು ಹಾಯಿಸಿ. ಅಪ್ಪ, ಮಗನ ಹೆಸರು ಅಲ್ಲಿದೆ.