ಹಿಂದಕ್ಕೆ ಹೋದ ಕಾಂತಾರ, ಖಾಸಬಾಗದ ತಕರಾರು

2025ರ ಅಕ್ಟೋಬರ್ 2 ವಿಜಯದಶಮಿ. ಬೆಳಗಾವಿ ಕಡೆ ಅದು ಬನ್ನಿ ಕೊಡುವ ದಿನ. ಹಿರಿಯರ ಕೈಗೆ ಬನ್ನಿ ಎಲೆ ಇಟ್ಟು, ಕಾಲಿಗೆ ಬಿದ್ದು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅಂದ ಹುಡುಗರು ಅಲ್ಲಿಂದ ನೆಟ್ಟಗೆ ಸಿನಿಮಾಕ್ಕೆ ಹೊರಟರು. ‘ಕಾಂತಾರ: ಅಧ್ಯಾಯ 1’ ತೆರೆ ಕಂಡದ್ದು ಅವತ್ತೇ. ಮೂರು ವರ್ಷ ಕಾದಿದ್ದ ಸಿನಿಮಾ. ನೋಡಿ ಬಂದ ಮೇಲೆ ಖಾಸಬಾಗದಲ್ಲಿ ಶುರುವಾದ ವಾದ ದೀಪಾವಳಿ ಬಂದರೂ ಮುಗಿಯಲಿಲ್ಲ.

ಖಾಸಬಾಗ, ಶಹಾಪುರ, ವಡಗಾವಿ ಬೆಳಗಾವಿಯ ದಕ್ಷಿಣಕ್ಕಿರುವ ನೇಕಾರರ ಬಡಾವಣೆಗಳು. ಗಲ್ಲಿಗೆ ಕಾಲಿಟ್ಟರೆ ಪವರ್‌ಲೂಮಿನ ಸದ್ದು. ಮಗ್ಗ ನಡೆಯುವಾಗ ಕೂಗಿಯೇ ಮಾತಾಡಬೇಕು, ಹಾಗಾಗಿ ಇಲ್ಲಿಯವರು ಚಹಾದ ಅಂಗಡಿಯಲ್ಲಿ ಕೂತಾಗಲೂ ದನಿ ತಗ್ಗಿಸುವುದಿಲ್ಲ. ರವಿವಾರದ ಸಂತೆಯ ಗದ್ದಲದಲ್ಲೂ ಕಿವಿಗೆ ಬಿದ್ದ ಮಾತು ಇದು:

‘ಸಿನಿಮಾ ಚಲೋ ಐತಿ. ಆದ್ರ ನಮ್ಮ ಶಿವಾ ಎಲ್ಲಿ ಹೋದ ಅನ್ನೂದು ಹೇಳಲಿಲ್ಲ ನೋಡ.’

‘ಕಾಕಾ, ಇದು ಅವನಕಿಂತ ಎಷ್ಟೋ ಮೊದಲಿಂದು. ಅವ ಇನ್ನಾ ಹುಟ್ಟೇ ಇಲ್ಲ.’

‘ಅದನ್ನs ಹೇಳಾಕತ್ತೀನಿ. ಹುಟ್ಟದವರ ಚಿಂತಿ ನನಗ್ಯಾಕ? ಹೋದವನ ಚಿಂತಿ ಐತಿ ನನಗ.’

ಪ್ರೀತಿಯ ಸಿನಿಮಾಕ್ಕೆ ಹಿಂದಿನ ಕಥೆ ಬಂದಾಗ ಅಭಿಮಾನಿಗಳ ಮನಸ್ಸಿನಲ್ಲಿ ಏನಾಗುತ್ತದೆ ಎನ್ನುವುದನ್ನು ಇದಕ್ಕಿಂತ ಚೊಕ್ಕಾಗಿ ಹೇಳಿದವರನ್ನು ನಾನು ಕಂಡಿಲ್ಲ. ಕಾಕಾನ ತಕರಾರನ್ನು ‘ಹಳೇ ಮಂದಿ, ಅರ್ಥ ಆಗೂದಿಲ್ಲ’ ಎಂದು ತಳ್ಳಿಹಾಕುವಂತಿಲ್ಲ.

ಮೊದಲ ಕಾಂತಾರ ಬಂದದ್ದು 2022ರ ಸೆಪ್ಟೆಂಬರ್ 30ರಂದು. ಅದರ ಕುಂದಾಪುರದ ಕನ್ನಡ ಇಲ್ಲಿಯವರಿಗೆ ಸುಲಭದ್ದಾಗಿರಲಿಲ್ಲ. ಮೊದಲ ಅರ್ಧ ಗಂಟೆ ಕಿವಿಗೊಟ್ಟು ಕೂರಬೇಕಾಯಿತು. ಕರಾವಳಿಯ ದೈವಾರಾಧನೆಯಾದ ಭೂತಕೋಲ ನೋಡಿದವರೂ ಕಡಿಮೆ. ಆದರೆ ಮೈಯಾಗ ದೇವರು ಬರುವುದು ಬೆಳಗಾವಿ ಜಿಲ್ಲೆಗೆ ಹೊಸದೇ? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಮನೆತನಗಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊನೆಯ ಭಾಗದಲ್ಲಿ ನಾಯಕ ಶಿವನ ಮೈಮೇಲೆ ಗುಳಿಗ ದೈವ ಬಂದು, ಆಮೇಲೆ ಹಂದಿರೂಪದ ದೈವ ಪಂಜುರ್ಲಿ ಊರವರ ಕೈಯನ್ನೂ ಅರಣ್ಯಾಧಿಕಾರಿ ಮುರಳೀಧರನ ಕೈಯನ್ನೂ ಒಟ್ಟಿಗೆ ಹಿಡಿದು ಎದೆಗೆ ಒತ್ತಿಕೊಳ್ಳುವಾಗ ಟಾಕೀಸಿನಲ್ಲಿ ಕೈಮುಗಿದವರಿದ್ದರು. ಮರುಕ್ಷಣ ಶಿವ ಕಾಡಿನೊಳಗೆ ಮಾಯ. 2024ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾಗಿ ಶಿವನ ಪಾತ್ರದ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಎನಿಸಿದಾಗ ಇಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಖಾನಾಪುರದ ಕಾಡಂಚಿನವರಿಗೆ ಆ ಸಿನಿಮಾ ಇನ್ನೂ ಹತ್ತಿರದ್ದು. ಭೀಮಗಡ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ಗವಾಳಿ, ಕೃಷ್ಣಾಪುರದಂಥ ಊರುಗಳು ಅದರ ಒಡಲಲ್ಲೇ ಇವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯಿಲ್ಲ. ರಸ್ತೆ ಕೇಳಿದರೆ ಅರಣ್ಯ ಕಾಯ್ದೆ ಅಡ್ಡ. ಊರು ಬಿಟ್ಟು ಹೊರಗೆ ಬರುವುದೋ ಬೇಡವೋ ಎಂಬ ಮಾತು ವರ್ಷಗಳಿಂದ ನಡೆದೇ ಇದೆ. ತೆರೆಯ ಮೇಲೆ ಅರಣ್ಯ ಇಲಾಖೆ ಗಡಿ ಗುರುತಿಸಿ ಬೇಲಿ ಹಾಕುವಾಗ, ‘ನಮ್ಮ ಮನಿ ಅತಿಕ್ರಮಣ ಹೆಂಗಾತು’ ಎಂಬ ಸಿಟ್ಟು ಅವರಿಗೆ ನಟನೆಯಾಗಿ ಕಾಣಲಿಲ್ಲ. ಅಧಿಕಾರಿಯನ್ನು ಪೂರ್ತಿ ಕೆಟ್ಟವನನ್ನಾಗಿ ಮಾಡದೆ, ಊರವರನ್ನು ಪೂರ್ತಿ ದೇವರನ್ನಾಗಿ ಮಾಡದೆ ಕಥೆ ಹೇಳಿದ್ದೇ ಅದರ ದೊಡ್ಡತನ.

ಹೊಸ ಸಿನಿಮಾ ಅಲ್ಲಿಂದ ಶತಮಾನಗಳಷ್ಟು ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಗುತ್ತದೆ. ಕಾಂತಾರದ ಜನ, ಬಾಂಗ್ರದ ಅರಸೊತ್ತಿಗೆ, ಬಂದರು, ಸಂಬಾರದ ವ್ಯಾಪಾರ, ಕಡಿವಾಣ ತಪ್ಪಿದ ರಥ, ಹುಲಿ, ಯುದ್ಧ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ ಎರಡೂ ಸಿನಿಮಾಗಳಲ್ಲಿವೆ. ರುಕ್ಮಿಣಿ ವಸಂತ್ ಅವರ ಕನಕವತಿ ಪಾತ್ರವನ್ನು ಖಾಸಬಾಗದ ಹೆಣ್ಣುಮಕ್ಕಳು ಬಾಯಿತುಂಬ ಹೊಗಳಿದ್ದನ್ನು ಕೇಳಿದ್ದೇನೆ. ನನ್ನ ಮತವೂ ಅದೇ. ದುಡ್ಡಿನ ಲೆಕ್ಕದಲ್ಲಿ ಇದು ಮೊದಲನೆಯದನ್ನು ಬಹಳ ಹಿಂದಿಟ್ಟಿತು. ಹಾಗಿದ್ದರೂ ‘ಚಲೋ ಐತಿ, ಆದ್ರ…’ ಎಂದು ಮಾತು ನಿಲ್ಲಿಸುವವರ ಸಂಖ್ಯೆ ಸಣ್ಣದಲ್ಲ.

ಈ ‘ಆದ್ರ’ ಹೊರದೇಶದ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು. 1979ರ ‘ಏಲಿಯನ್’ನಲ್ಲಿ ಪಾಳುಬಿದ್ದ ನೌಕೆಯೊಳಗೆ ಕುರ್ಚಿಯಲ್ಲಿ ಕೂತಂತೆಯೇ ಸತ್ತಿರುವ ದೈತ್ಯ ಜೀವಿಯೊಂದು ಕಾಣುತ್ತದೆ. ಅದು ಯಾರು, ಎಲ್ಲಿಯದು, ಒಂದು ಮಾತಿಲ್ಲ. ನೋಡಿದವರು ಮೂವತ್ತು ವರ್ಷ ತಮ್ಮ ತಮ್ಮ ತಲೆಯಲ್ಲಿ ಉತ್ತರ ಕಟ್ಟಿಕೊಂಡರು. ಅದೇ ನಿರ್ದೇಶಕ ರಿಡ್ಲಿ ಸ್ಕಾಟ್ 2012ರಲ್ಲಿ ‘ಪ್ರಮೀಥಿಯಸ್’ ಮಾಡಿ ಉತ್ತರ ಕೊಟ್ಟಾಗ ಹಲವರಿಗೆ ಬೇಸರವಾಯಿತು; ತಾವು ಕಟ್ಟಿಕೊಂಡ ಉತ್ತರವೇ ಚೆಂದವಿತ್ತು ಅನಿಸಿತು. ‘ಸ್ಟಾರ್ ವಾರ್ಸ್’ನ ಕಥೆಯೂ ಹೀಗೇ. ಮೊದಲ ಮೂರು ಸಿನಿಮಾ 1977ರಿಂದ 1983ರೊಳಗೆ ಮುಗಿದು, 1999ರಲ್ಲಿ ಹಿಂದಿನ ಕಥೆ ಶುರುವಾಯಿತು. ಜಗತ್ತನ್ನೆಲ್ಲ ಹಿಡಿದಿಟ್ಟ ಶಕ್ತಿ ಎಂದು ಭಕ್ತಿಯಿಂದ ಕೇಳಿದ್ದನ್ನು ಅದರಲ್ಲಿ ರಕ್ತ ಪರೀಕ್ಷೆಯಲ್ಲಿ ಎಣಿಸುವ ಕಣಗಳಿಗೆ ಇಳಿಸಿದ್ದು ಹಳೆಯ ಅಭಿಮಾನಿಗಳಿಗೆ ನುಂಗಲಾಗದ ತುತ್ತಾಯಿತು. ಆದರೆ ಅವತ್ತು ಎಂಟು ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಅದೇ ಪ್ರಾಣ. 2005ರ ಮೂರನೆಯ ಭಾಗ ಇಪ್ಪತ್ತು ವರ್ಷಕ್ಕೆ ಮತ್ತೆ ಚಿತ್ರಮಂದಿರಕ್ಕೆ ಬಂದಾಗ ಅವರೇ ಸಾಲುಗಟ್ಟಿ ನಿಂತರು.

ಹಾಗಾದರೆ ಹಿಂದಕ್ಕೆ ಹೋಗುವುದೇ ತಪ್ಪೇ? ಕನ್ನಡದಲ್ಲಿ ಕೂತು ಈ ಮಾತು ಹೇಳಲು ಬಾಯಿ ಬರುವುದಿಲ್ಲ. ನಮ್ಮ ಕಾವ್ಯ ಪರಂಪರೆಯೇ ಹಿಂದಿನ ಕಥೆಗಳಿಂದ ಶುರುವಾಗಿದೆ. ಪಂಪ 941ರಲ್ಲಿ ಮುಗಿಸಿದ ‘ಆದಿಪುರಾಣ’ ಆದಿತೀರ್ಥಂಕರನ ಕಥೆ. ಆದರೆ ಕವಿ ಮೊದಲು ಹೇಳುವುದು ಅವನ ಹಿಂದಿನ ಜನ್ಮಗಳನ್ನು, ಭವಾವಳಿಯನ್ನು. ಕೊನೆಗೆ ಏನಾಗುತ್ತದೆ ಎಂಬುದು ಕೇಳುವವರಿಗೆಲ್ಲ ಗೊತ್ತೇ ಇತ್ತು. ಇಷ್ಟಾಗಿಯೂ ಕನ್ನಡಿಗರು ಆ ಕಾವ್ಯದಲ್ಲಿ ಮರೆಯದೆ ಇಟ್ಟುಕೊಂಡದ್ದು ಯಾವುದನ್ನು? ವಜ್ರಜಂಘ ಮತ್ತು ಶ್ರೀಮತಿಯರ ಸಾವನ್ನು. ಮಲಗುವ ಮನೆಯಲ್ಲಿ ಧೂಪ ಹಾಕಿದ್ದಾರೆ, ಗವಾಕ್ಷಿ ತೆರೆಯಲು ಆಳುಗಳು ಮರೆತಿದ್ದಾರೆ, ಹೊಗೆ ತುಂಬಿ ಗಂಡ ಹೆಂಡತಿ ಅಪ್ಪಿಕೊಂಡೇ ಉಸಿರು ನಿಲ್ಲಿಸಿದ್ದಾರೆ. ಸೈನ್ಯವಿಲ್ಲ, ಆನೆ ಕುದುರೆ ಇಲ್ಲ. ಒಂದು ಕೋಣೆ, ಇಬ್ಬರು ಮನುಷ್ಯರು, ಒಂದು ಮರೆವು. ಮುಖ್ಯ ಕಥೆಗಿಂತ ಹಿಂದಿನ ಕಥೆಯೇ ಎದೆಯಲ್ಲಿ ಉಳಿದ ಉದಾಹರಣೆ ನಮ್ಮ ಬಳಿ ಸಾವಿರ ವರ್ಷದಿಂದ ಇದೆ.

ನನ್ನ ಮಾತು ಇಷ್ಟೇ: ಖಾಸಬಾಗದ ತಕರಾರು ಕಾಲ ಹಿಂದಕ್ಕೆ ಹೋದದ್ದರ ಮೇಲೆ ಇಲ್ಲ, ಹಿಂದಕ್ಕೆ ಹೋಗುವಾಗ ಕಥೆ ದೊಡ್ಡದಾದದ್ದರ ಮೇಲೆ ಇದೆ. ಮೊದಲ ಸಿನಿಮಾದ ಕಾಡುಬೆಟ್ಟು ಊರಿನ ಅಂಗಳ, ಕಂಬಳದ ಕೆಸರು, ಶಿವನನ್ನು ಎಲ್ಲರೆದುರು ಬೈಯುವ ತಾಯಿ ಕಮಲ, ಬೇಟೆಗೆ ಹೋಗುವ ಗೆಳೆಯರು, ಇವರೆಲ್ಲ ನಮ್ಮ ಓಣಿಯವರಾಗಿದ್ದರು. ಬಾಂಗ್ರದ ಅರಮನೆಯಲ್ಲಿ ನಮ್ಮ ಓಣಿಯವರು ಸಿಗುವುದು ಕಷ್ಟ.

ಕದಂಬರೆಂದರೆ ಅರಮನೆಯೇ ಆಗಬೇಕಿರಲಿಲ್ಲ ಎನ್ನಲು ದೂರ ಹೋಗಬೇಕಿಲ್ಲ. ಖಾನಾಪುರದಿಂದ ನಂದಗಡದ ದಾರಿ ಹಿಡಿದು ಹಲಸಿಗೆ ಹೋದರೆ ಸಾಕು. ಬನವಾಸಿ ಕದಂಬರು ‘ಪಲಾಶಿಕಾ’ ಎಂದು ಕರೆದು ಎರಡನೆಯ ರಾಜಧಾನಿಯಂತೆ ಬಳಸಿದ ಊರು ಅದು. ಈಗ ಸುತ್ತ ಕಬ್ಬು, ಭತ್ತದ ಗದ್ದೆ, ಹಂಚಿನ ಮನೆಗಳು. ಗೋವೆಯ ಕದಂಬರು 12ನೇ ಶತಮಾನದಲ್ಲಿ ಕಟ್ಟಿಸಿದ ಭೂವರಾಹ ನರಸಿಂಹ ದೇವಸ್ಥಾನದಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಸಿನಿಮಾ ಬಂದ ಮೇಲೆ ಇಲ್ಲಿ ನಿಂತು ‘ಪಂಜುರ್ಲಿ ಇವನs’ ಅನ್ನುವ ಹುಡುಗರಿದ್ದಾರೆ. ಪಂಜುರ್ಲಿ ಬೇರೆ, ಭೂವರಾಹ ಬೇರೆ. ಪೂಜೆಯೂ ಬೇರೆ, ಜನರೂ ಬೇರೆ. ಹಾಗಿದ್ದರೂ ಹಂದಿಯ ಮೋರೆಯ ದೇವರ ಮುಂದೆ ಇಪ್ಪತ್ತರ ಹುಡುಗರು ಅಷ್ಟು ಹೊತ್ತು ನಿಂತು ನೋಡುವಂತೆ ಮಾಡಿದ್ದಕ್ಕೆ ನಾನು ಸಿನಿಮಾಕ್ಕೆ ಋಣಿ.

ಹಲಸಿಯಲ್ಲಿ ಸಿಕ್ಕ ತಾಮ್ರಪಟಗಳು ಇನ್ನೂ ದೊಡ್ಡ ನಿಧಿ. 19ನೇ ಶತಮಾನದಲ್ಲಿ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದರು. ಒಂದರಲ್ಲಿ, ಇನ್ನೂ ಯುವರಾಜನಾಗಿದ್ದ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಹೊಲ ಕೊಡುತ್ತಾನೆ. ತಲೆಮಾರುಗಳ ನಂತರ ರವಿವರ್ಮನ ಕಾಲದ ಪಟ, ಶ್ರುತಕೀರ್ತಿಗೆ ಸಿಕ್ಕ ಆ ದತ್ತಿಯ ಹಿಂದಿನ ಕಥೆಯನ್ನೆಲ್ಲ ಹೇಳಿದ ಮೇಲೆಯೇ ಹೊಸ ದಾನದ ಮಾತಿಗೆ ಬರುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವವನಿಗೆ ಶಾಪವೂ ಇಂಥ ಪಟಗಳಲ್ಲಿರುತ್ತದೆ. ಅರಸ ಭೂಮಿ ಕೊಟ್ಟ, ಮುಂದಿನವರು ವಾಪಸು ಕೇಳಿದರು, ದೈವ ಸಿಟ್ಟಾಯಿತು: ಮೊದಲ ಕಾಂತಾರದ ಬೇರು ಇದೇ ತಾನೇ? ಹೊಲ, ಕೃತಜ್ಞತೆ, ಕೊಟ್ಟ ಮಾತು. ಕದಂಬರ ಕಾಲದ ಕಥೆಗೆ ಇಷ್ಟೇ ಸಾಕಿತ್ತು ಅಂತ ಆ ಗರ್ಭಗುಡಿಯ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ.

ಇಷ್ಟು ಹೇಳಿ ಹೊಸ ಸಿನಿಮಾವನ್ನು ತೆಗೆದುಹಾಕುವವನು ನಾನಲ್ಲ. ಕಾಡಿನವರು ಸಂತೆಗೆ, ಬಂದರಿಗೆ ಬಂದು ತಮ್ಮ ಬೆಳೆಗೆ ಎಷ್ಟು ಬೆಲೆ ಎಂದು ಮೊದಲ ಸಲ ಕಂಡುಕೊಳ್ಳುವ ಭಾಗ ಬಹಳ ಒಳ್ಳೆಯದು. ತಾವು ನೇಯ್ದ ಸೀರೆ ಶೋರೂಮಿನ ಗಾಜಿನ ಹಿಂದೆ ಯಾವ ದರಕ್ಕೆ ನೇತಾಡುತ್ತದೆ ಎಂದು ಗೊತ್ತಿರುವ ಖಾಸಬಾಗದ ಮಂದಿ ಆ ಭಾಗವನ್ನು ಬೇರೆ ಊರಿನವರಿಗಿಂತ ಚೆನ್ನಾಗಿ ನೋಡಿದ್ದಾರೆ.

ಈಗ ಮನೆಗಳಲ್ಲಿ ಎದ್ದಿರುವುದು ಇನ್ನೊಂದು ಪ್ರಶ್ನೆ: ಮಕ್ಕಳಿಗೆ ಯಾವುದನ್ನು ಮೊದಲು ತೋರಿಸಬೇಕು? ಕಾಲದ ಕ್ರಮದಲ್ಲಿ ನೋಡಿದರೆ ಅಧ್ಯಾಯ 1 ಮೊದಲು. ಹಾಗೆ ನೋಡಿದ ಒಬ್ಬ ಐದನೆತ್ತೆಯ ಹುಡುಗ ಆಮೇಲೆ 2022ರದ್ದನ್ನು ಮೊಬೈಲಿನಲ್ಲಿ ಹಾಕಿಕೊಂಡು, ‘ಮಾಮಾ, ಇದರಾಗ ಯುದ್ಧ ಯಾವಾಗ ಬರತೈತಿ?’ ಎಂದು ಕೇಳುತ್ತಲೇ ಇದ್ದನಂತೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು, 2022ರದ್ದನ್ನೇ ಮೊದಲು ತೋರಿಸಿ, ಅದೂ ದೊಡ್ಡ ಪರದೆಯ ಮೇಲೆ. ಶಿವ ಎಲ್ಲಿ ಹೋದ ಎಂದು ಮಕ್ಕಳು ಕೇಳಲಿ, ತಮ್ಮದೇ ಉತ್ತರ ಕಟ್ಟಿಕೊಳ್ಳಲಿ. ಅದಾಗಿ ಒಂದೆರಡು ತಿಂಗಳು ಬಿಟ್ಟು ಇನ್ನೊಂದನ್ನು ತೋರಿಸಿದರೆ ತಡವೇನಾಗುವುದಿಲ್ಲ.